ಲೇಬಲ್ ಕತ್ತರಿಸುವ ಲೇಸರ್: ವ್ಯಾಟ್‌ಗಿಂತ ಮೊದಲು ತರಂಗಾಂತರ

ಅಂಟಿನ ಲೇಬಲ್ಲನ್ನು ದೊಡ್ಡ ಉದ್ಯಮದ ದಾರಿಗೆ ತಂದವರು ಲಾಸ್ ಏಂಜಲೀಸಿನ ಸ್ಟಾಂಟನ್ ಏವರಿ. ವಾಷಿಂಗ್ ಮಷಿನ್ನಿನ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ 1935ರಲ್ಲಿ ಅವರು ತಮ್ಮ ಯಂತ್ರ ಕಟ್ಟಿದರು. ಅಂದಿನಿಂದಲೂ ಈ ಕಸುಬಿನ ಕಠಿಣ ಭಾಗ ಬದಲಾಗಿಲ್ಲ. ಮೇಲಿನ ಕಾಗದ, ಅದರಡಿಯ ಅಂಟು ಎರಡೂ ಪೂರ್ತಿ ಕತ್ತರಿಸಬೇಕು. ಕೆಳಗಿನ ಸಿಲಿಕೋನ್ ಲೇಪದ ಲೈನರ್‌ಗೆ ಗೀರೂ ಬೀಳಬಾರದು. ಹಾಫ್ ಕಟ್ ಎನ್ನುವುದು ಇದಕ್ಕೇ. ಉಕ್ಕಿನ ಡೈ ಈ ಕೆಲಸವನ್ನು ದಶಕಗಳ ಕಾಲ ಚೆನ್ನಾಗಿಯೇ ಮಾಡಿತು. ಆಕಾರಕ್ಕೊಂದು ಡೈ ಬೇಕಾದರೂ, ಲಕ್ಷಗಟ್ಟಲೆ ಲೇಬಲ್ಲಿನ ಆರ್ಡರಿನಲ್ಲಿ ಅದರ ಖರ್ಚು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಲೇಸರ್ ಹುಟ್ಟಿದ್ದು 1960ರಲ್ಲಿ. ಆದರೆ ಲೇಬಲ್ಲಿಗೆ ಒದಗಿದ್ದು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಎಂಬುದನ್ನು ನಮ್ಮ ಮುದ್ರಣಾಲಯಗಳು ಹೆಮ್ಮೆಯಿಂದ ನೆನೆಯಬೇಕು. ಅದರ 10.6 ಮೈಕ್ರಾನ್ ಆಸುಪಾಸಿನ ಕಿರಣವನ್ನು ಕಾಗದವೂ ಬಹುತೇಕ ಪ್ಲಾಸ್ಟಿಕ್‌ಗಳೂ ಹೀರಿಕೊಳ್ಳುತ್ತವೆ. ಇಂದು ಲೋಹದ ಕೆಲಸದಲ್ಲಿ ಮೆರೆಯುತ್ತಿರುವ ಫೈಬರ್ ಲೇಸರ್‌ನ ಕಿರಣ ಸುಮಾರು 1 ಮೈಕ್ರಾನಿನದು. ಪಾರದರ್ಶಕ ಫಿಲ್ಮಿನಲ್ಲಿ ಅದು ಬಹುಪಾಲು ಹಾದುಹೋಗಿಬಿಡುತ್ತದೆ.

ಹಾಗಿದ್ದೂ ಲೇಬಲ್ಲಿನವರಿಗೆ ಲೇಸರ್‌ನ ತುರ್ತು ಬಹಳ ಕಾಲ ಇರಲಿಲ್ಲ. ಅದನ್ನು ತಂದಿತ್ತದ್ದು ಡಿಜಿಟಲ್ ಮುದ್ರಣ. 1993ರಲ್ಲಿ ಇಂಡಿಗೊ ಯಂತ್ರ ಬಂದ ಮೇಲೆ ಪ್ಲೇಟ್ ಇಲ್ಲದೆಯೇ ಐನೂರು ಲೇಬಲ್ ಮುದ್ರಿಸುವುದು ಸಾಧ್ಯವಾಯಿತು. ಮುದ್ರಣ ಬೆಳಿಗ್ಗೆಯೇ ಮುಗಿದರೂ ಡೈ ಬರುವವರೆಗೆ ರೋಲು ಮೂಲೆಯಲ್ಲಿ ಕಾಯುತ್ತಿತ್ತು. ಗಾಲ್ವೋ ಕನ್ನಡಿಗಳು ಕಿರಣವನ್ನು ಕಂಪ್ಯೂಟರಿನ ಚಿತ್ರದಂತೆ ಓಡಿಸಿದಾಗ ಆ ಕಾಯುವಿಕೆ ತಪ್ಪಿತು.

ಈಗ ಮಾರಾಟಗಾರರು ಮೊದಲು ಹೇಳುವುದು ವ್ಯಾಟ್. ಕೊಳ್ಳುವವರು ಮೊದಲು ಕೇಳಬೇಕಾದದ್ದು ತರಂಗಾಂತರ. ಪಾಲಿಪ್ರೊಪಿಲೀನ್ ಫಿಲ್ಮು 10.6ಕ್ಕಿಂತ 10.2 ಮೈಕ್ರಾನಿನ ಕಿರಣವನ್ನು ಚೆನ್ನಾಗಿ ಹೀರುತ್ತದೆ, ಪಾಲಿಯೆಸ್ಟರಿಗೆ 9.3 ಹೊಂದುತ್ತದೆ. ಹೊಂದದ ಕಿರಣಕ್ಕೆ ಶಕ್ತಿ ಏರಿಸುತ್ತ ಹೋದರೆ ಅಂಚು ಕರಗಿ ಉಬ್ಬುತ್ತದೆ, ಬಿಳಿ ಕಾಗದವಾದರೆ ಕಂದುಗಟ್ಟುತ್ತದೆ. ಎರಡನೆಯದು, ಮೂಲೆಗಳು. ತಿರುವಿನಲ್ಲಿ ಕಿರಣದ ವೇಗ ತಗ್ಗುತ್ತದೆ. ಶಕ್ತಿಯೂ ಆ ಕ್ಷಣವೇ ತಗ್ಗದಿದ್ದರೆ ಲೈನರ್ ಸುಡುತ್ತದೆ. ಕತ್ತರಿಕೆ ಶುರುವಾಗಿ ಮುಗಿಯುವ ಬಿಂದುವಿನಲ್ಲೂ ಇದೇ ಅಪಾಯ. ರೇಡಿಯೊ ತರಂಗದಿಂದ ಚಾಲನೆಗೊಳ್ಳುವ ಲೋಹದ ಟ್ಯೂಬಿನ ಮಿಡಿತಗಳು ಅಗ್ಗದ ಗಾಜಿನ ಟ್ಯೂಬಿಗಿಂತ ಚುರುಕಾಗಿ ಏರಿಳಿಯುವುದರಿಂದ ಇಲ್ಲಿ ದುಬಾರಿಯದ್ದೇ ಗೆಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಸುಲಭ: ಲೇಬಲ್ ಕಿತ್ತು, ಕಾಗದದ ಲೈನರಿನ ಸಿಲಿಕೋನ್ ಮುಖಕ್ಕೆ ಶಾಯಿ ಸವರಿ ಒರೆಸಿ. ಲೇಪ ಹರಿದಲ್ಲೆಲ್ಲ ಶಾಯಿ ಇಂಗಿ ಗೆರೆ ಮೂಡುತ್ತದೆ. ಅಂಥ ಲೈನರು ಗಿರಾಕಿಯ ಲೇಬಲಿಂಗ್ ಯಂತ್ರದಲ್ಲಿ ಓಡುವಾಗ ಹರಿದು ಇಡೀ ಲೈನನ್ನು ನಿಲ್ಲಿಸಬಲ್ಲದು.

ಪಾಲಿಯೆಸ್ಟರ್ ನೇಯ್ಗೆಯ ಲೇಬಲ್ಲಿನ ವಿಷಯ ಬೇರೆ. ಬೆಂಗಳೂರಿನ ಗಾರ್ಮೆಂಟ್ಸ್, ಬಳ್ಳಾರಿಯ ಜೀನ್ಸ್‌ನವರಿಗೆ ಬೇಕಾಗುವ ಈ ಲೇಬಲ್ಲಿನ ಅಂಚನ್ನು ಲೇಸರ್ ಕರಗಿಸಿ ಮುಚ್ಚುತ್ತದೆ, ಎಳೆ ಬಿಚ್ಚುವುದಿಲ್ಲ. ಅಂಚು ಗಡುಸಾದರೆ ಮಾತ್ರ ಕತ್ತಿಗೆ ಚುಚ್ಚುತ್ತದೆ.

ವೇಗದ ಅಂಕಿಗಳನ್ನು ಸರಳ ಚೌಕದ ಮೇಲೆ ಅಳೆದಿರುತ್ತಾರೆ. ಆಕಾರ ತಿರುಚಿದಷ್ಟೂ, ರೋಲಿನ ಅಗಲಕ್ಕೆ ಲೇಬಲ್ ಹೆಚ್ಚಿದಷ್ಟೂ ವೇಗ ಕುಸಿಯುತ್ತದೆ. ಆದ್ದರಿಂದ ಡೆಮೊಗೆ ಹೋಗುವಾಗ ನಿಮ್ಮದೇ ರೋಲು, ನಿಮ್ಮ ಅತಿ ಜಟಿಲ ವಿನ್ಯಾಸ ಒಯ್ಯಿರಿ. ಒಂದೇ ಆಕಾರ ಮತ್ತೆ ಮತ್ತೆ ಬರುವ ಆರ್ಡರುಗಳಿದ್ದರೆ, ಕಾಂತೀಯ ಸಿಲಿಂಡರಿಗೆ ತೆಳು ಡೈ ಸುತ್ತುವ ಸೆಮಿ-ರೋಟರಿ ಯಂತ್ರವೇ ಲಾಭ. ಹೊಗೆ ಎಳೆಯುವ ವ್ಯವಸ್ಥೆ ಮತ್ತು ಫಿಲ್ಟರಿನ ಖರ್ಚನ್ನು ಯಂತ್ರದ ಬೆಲೆಯ ಜೊತೆಗೇ ಕೇಳಿ. ಪಿವಿಸಿಯನ್ನಂತೂ ಲೇಸರಿನ ಹತ್ತಿರ ತರಲೇಬೇಡಿ: ಸುಟ್ಟಾಗ ಅದು ಬಿಡುವ ಹೈಡ್ರೋಜನ್ ಕ್ಲೋರೈಡ್ ಕನ್ನಡಿ, ಲೋಹಗಳನ್ನಷ್ಟೇ ಅಲ್ಲ, ಯಂತ್ರದ ಪಕ್ಕದಲ್ಲಿ ದಿನವಿಡೀ ನಿಲ್ಲುವ ಕೆಲಸಗಾರನ ಶ್ವಾಸಕೋಶವನ್ನೂ ತಿನ್ನುತ್ತದೆ.