‘ಈಗ ಸಮಯ...’ ಎನ್ನುವ ಉಪಗ್ರಹಗಳು

ಆಷಾಢ ಹುಣ್ಣಿಮೆಯ ಹೊತ್ತಿಗೆ ಸಿಂಹಾಚಲಂ ಅಪ್ಪನ್ನನ ಭಕ್ತರು ಬೆಟ್ಟದ ಸುತ್ತ ಸುಮಾರು 32 ಕಿ.ಮೀ. ಗಿರಿಪ್ರದಕ್ಷಿಣೆ ಮಾಡುತ್ತಾರೆ. ಆ ಜನಸಾಗರದಲ್ಲಿ ಜೊತೆಗಾರರಿಂದ ತಪ್ಪಿಸಿಕೊಂಡರೆ ಈಗ ಮೊಬೈಲಿನಲ್ಲೇ ‘ನಾನು ಇಲ್ಲಿದ್ದೇನೆ’ ಎಂದು ತೋರಿಸಬಹುದು. ಫೋನಿಗೆ ಅದು ಗೊತ್ತಾಗುವುದು ಹೇಗೆ? ಗಡಿಯಾರದಿಂದ!

ವಿಶಾಖಪಟ್ಟಣಕ್ಕೆ ಈ ವಿದ್ಯೆ ಹಳೆಯದು. 1840ರಲ್ಲಿ ಗೋಡೆ ವೆಂಕಟ ಜಗ್ಗಾರಾವ್ ಅವರು ಇಲ್ಲಿ ಸ್ವಂತ ಖರ್ಚಿನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದರು. ಮುಂದೆ ಅವರ ಅಳಿಯ ಅಂಕಿತಂ ವೆಂಕಟ ನರಸಿಂಗರಾವ್ ಅದನ್ನು ನಡೆಸಿದರು. ಡಾಲ್ಫಿನ್ಸ್ ನೋಸ್ ಗುಡ್ಡದ ಧ್ವಜಸ್ತಂಭದಿಂದ ಊರಿಗೆ ಸರಿಯಾದ ಸಮಯ ತಿಳಿಸುತ್ತಿದ್ದರು. ಆ ಕಾಲದ ನಾವಿಕರಿಗಂತೂ ಸಮಯವೇ ದಾರಿ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. ಗಡಿಯಾರ ಅಷ್ಟು ತಪ್ಪಿದರೆ, ಈ ಕಡಲಲ್ಲಿ ಹಡಗಿನ ಲೆಕ್ಕ ನೂರು ಕಿ.ಮೀ.ಗೂ ಹೆಚ್ಚು ತಪ್ಪುತ್ತದೆ.

ಗುಡ್ಡದ ಮೇಲಿನ ಆ ಕೆಲಸ ಈಗ ಆಕಾಶದಲ್ಲಿ ನಡೆಯುತ್ತಿದೆ. ಅಮೆರಿಕದ ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ. ಜನಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದ ಸಂಕೇತವನ್ನು ಸ್ಪಷ್ಟಗೊಳಿಸಿದ್ದು 2000ದ ಮೇ ತಿಂಗಳಲ್ಲಿ. ಸುಮಾರು 20,000 ಕಿ.ಮೀ. ಎತ್ತರದಿಂದ ಪ್ರತಿ ಉಪಗ್ರಹವೂ ‘ನಾನು ಇಂಥವನು, ಈಗ ಸಮಯ ಇಷ್ಟು’ ಎಂದು ಸಾರುತ್ತಿರುತ್ತದೆ, ಥೇಟ್ ನಮ್ಮ ಉದ್ಘೋಷಣೆಯಂತೆ! ನೀವು ರೇಡಿಯೋ ಕೇಳುವ ಹಾಗೆ ಫೋನ್ ಅದನ್ನು ಕೇಳುತ್ತದೆ, ತಿರುಗಿ ಮಾತಾಡುವುದಿಲ್ಲ. ಸಂಕೇತ ಎಷ್ಟು ತಡವಾಗಿ ಬಂತು ಎಂಬುದರಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಗುತ್ತದೆ. ಫೋನಿನ ಅಗ್ಗದ ಗಡಿಯಾರವನ್ನು ತಿದ್ದಲು ನಾಲ್ಕನೆಯದು ಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ!

ಹಾಗಾದರೆ ಟವರ್ ಏಕೆ? ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಅದು ಬೇಗ ತಲುಪಿಸುತ್ತದೆ. ಆಕಾಶ ಕಾಣದ ಕಟ್ಟಡದೊಳಗೆ ಹತ್ತಿರದ ಟವರುಗಳೇ ಜಾಗವನ್ನು ಅಂದಾಜಿಸಿಕೊಡುತ್ತವೆ.

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ ಹೋಯಿತು, ಮೊಬೈಲ್ ಸಂಪರ್ಕ ಕಡಿಯಿತು. ಮೇಲೆ ಉಪಗ್ರಹಗಳು ಸಮಯ ಹೇಳುತ್ತಲೇ ಇದ್ದವು. ಆದರೆ ಟವರ್ ಇಲ್ಲದಿದ್ದರೆ, ತಾನಿರುವ ಜಾಗ ಗೊತ್ತಿದ್ದರೂ ಫೋನ್ ಅದನ್ನು ಯಾರಿಗೂ ಹೇಳಲಾರದು.

ನಮ್ಮ ದೇಶವೂ 2013ರ ಜುಲೈ 1ರಿಂದ ಸ್ವಂತ ಪಥದರ್ಶಕ ಉಪಗ್ರಹಗಳನ್ನು ಹಾರಿಸುತ್ತಿದೆ. ಅವುಗಳ ಸಮಯ ಕಾಯುವ ಇಸ್ರೋ ಕೇಂದ್ರ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿದೆ.

ಕೇಳುಗರೇ, ಚಂಡಮಾರುತದ ಮುನ್ಸೂಚನೆ ಬಂದ ಕೂಡಲೇ ನಿಮ್ಮ ಊರಿನ ನಕ್ಷೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಬ್ಯಾಟರಿ ತುಂಬಿಸಿಡಿ. ಟವರ್ ಬಿದ್ದರೂ ದಾರಿ ಕಾಣುತ್ತದೆ. ಎಲ್ಲಿಗೆ ಹೋಗುತ್ತೀರೆಂದು ಮನೆಯವರಿಗೆ ಮೊದಲೇ ಹೇಳಿಡಿ.