ಕರಕರ ಅಂದರೆ ವೈರು, ಮಂಕಾದರೆ ಸೆಲ್ಲು

ನನ್ನ ರಿಪೇರಿ ಮೇಜಿನ ಮುಂದೆ ಕೂತವರು ಈಗೀಗ ಹೇಳುವುದು ಬಹುಪಾಲು ಒಂದೇ ಮಾತು: "ಕಿವಿ ಇನ್ನೂ ಮಂದವಾಗಿದೆ ಸಾರ್." ಕಿವಿಯ ಮಿಷನ್ನೇ ಕೆಟ್ಟಿರಬಹುದೆಂಬ ಅನುಮಾನ ಅವರಿಗೆ ಬಂದಿರುವುದಿಲ್ಲ. ಹಿಂದಿನ ಮಿಷನ್ನುಗಳು ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳುತ್ತಿದ್ದವು.

ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 1900ರ ಆಸುಪಾಸಿನಲ್ಲಿ ರೂಪಿಸಿದ ವಿದ್ಯುತ್ ಶ್ರವಣಯಂತ್ರದಲ್ಲಿ ಮೈಕು ಎಂದರೆ ಇಂಗಾಲದ ಹರಳು ತುಂಬಿದ ಡಬ್ಬಿ. ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಬಳಸಿದ್ದೂ ಇಂಥದ್ದನ್ನೇ. ಸದ್ದಿನ ಒತ್ತಡಕ್ಕೆ ಹರಳುಗಳು ಒತ್ತಾದರೆ ಕರೆಂಟು ಹೆಚ್ಚು ಹರಿಯುತ್ತದೆ, ಸಡಿಲವಾದರೆ ಕಡಿಮೆ. ತೇವ ತಾಗಿದರೆ ಹರಳುಗಳು ಗಂಟುಕಟ್ಟಿ ದನಿ ಮಂಕಾಗುತ್ತಿತ್ತು. ಬೆರಳಿನಿಂದ ತಟ್ಟಿದರೆ ಬಿಡಿಯಾಗುತ್ತಿದ್ದವು. ತಟ್ಟಿದರೂ ದನಿ ಏಳದಿದ್ದರೆ ಅದು ರಿಪೇರಿಯ ಲೆಕ್ಕ. ಹಾಕಿಕೊಂಡವರೇ ಮಾಡಿಕೊಳ್ಳಬಹುದಾದ ಪರೀಕ್ಷೆ. ನನಗೆ ಅದರ ಮೇಲೆ ಇಂದಿಗೂ ಗೌರವ.

ಆಮೇಲೆ ವಾಲ್ವು ಬಂತು. 1952ರ ಕೊನೆಗೆ ಸೊನೊಟೋನ್ ಕಂಪನಿ ಎರಡು ವಾಲ್ವಿನ ಜೊತೆ ಒಂದು ಟ್ರಾನ್ಸಿಸ್ಟರ್ ಸೇರಿಸಿತು. ಆ ಮೊದಮೊದಲ ಟ್ರಾನ್ಸಿಸ್ಟರುಗಳನ್ನೂ ಕೆಡಿಸಿದ್ದು ತೇವವೇ.

ನಮ್ಮ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1960ರ ದಶಕದಲ್ಲಿ. ನಾನು ಕೆಲಸ ಕಲಿತದ್ದು ಜೇಬಿನ ಮಿಷನ್ನುಗಳ ಮೇಲೆ: ಅಂಗಿಜೇಬಿನಲ್ಲಿ ಡಬ್ಬಿ, ಅದರಿಂದ ಕಿವಿಗೆ ವೈರು, ಒಳಗೆ ಪೆನ್ಸಿಲ್ ಸೆಲ್ಲು. ಕರಕರ ಅಂದರೆ ವೈರು, ಮಂಕಾದರೆ ಸೆಲ್ಲು, ಸೀಟಿ ಹೊಡೆದರೆ ಕಿವಿಯೊಳಗಿನ ಮೋಲ್ಡ್ ಸಡಿಲ ಅಥವಾ ಗುಗ್ಗೆ ಅಡ್ಡ. ಹಳ್ಳಿಯ ತಾಯಂದಿರಿಗೂ ಇದು ಬಾಯಿಪಾಠವಾಗಿತ್ತು. ವೈರು ಕಡಿಯುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ. ಅಲ್ಲಿ ಹಿಡಿದು ಅಲ್ಲಾಡಿಸಿದರೆ ಸದ್ದು ಬಂದು ಹೋಗುತ್ತಿತ್ತು.

ಕಿವಿಯ ಹಿಂದೆ ಕೂರುವ ಪುಟ್ಟ ಮಿಷನ್ನುಗಳು ಬಂದ ಮೇಲೆ ಈ ಬಾಯಿಪಾಠ ಹಳತಾಯಿತು. ಪೆನ್ಸಿಲ್ ಸೆಲ್ಲು ನಿಧಾನಕ್ಕೆ ಸೊರಗುತ್ತಿತ್ತು. ಸ್ಟಿಕ್ಕರ್ ಕಿತ್ತು ಹಾಕುವ ಜಿಂಕ್-ಏರ್ ಸೆಲ್ಲು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ನಡೆದು, ತಟ್ಟನೆ ನಿಲ್ಲುತ್ತದೆ. ಹಾಗಾಗಿ ವಾರಗಟ್ಟಲೆ ದನಿ ಇಳಿಯುತ್ತಾ ಬಂದರೆ ಸೆಲ್ಲು ಬದಲಿಸಿ ಪ್ರಯೋಜನವಿಲ್ಲ; ಗುಗ್ಗೆಯನ್ನೋ ಮೈಕಿನ ತೇವವನ್ನೋ ಹುಡುಕಬೇಕು. ಅಂಗೈಯಲ್ಲಿ ಮುಚ್ಚಿದರೆ ಸೀಟಿ ಹೊಡೆಯುವ ಮಿಷನ್ನು ಜೀವಂತ ಎಂಬ ಹಳೆಯ ನಂಬಿಕೆಯೂ ಈಗ ನಿಲ್ಲುವುದಿಲ್ಲ. 1990ರ ದಶಕದಿಂದೀಚಿನ ಡಿಜಿಟಲ್ ಮಿಷನ್ನುಗಳಲ್ಲಿ ಹಲವು, ಸೀಟಿಯನ್ನು ಒಳಗೇ ಅಡಗಿಸಿಬಿಡುತ್ತವೆ.

ಉಳಿದಿರುವ ಒಳ್ಳೆಯ ದಾರಿ ಕಿವುಡು ಮಕ್ಕಳಿಗೆ ಮಾತು ಕಲಿಸುತ್ತಿದ್ದ ಡೇನಿಯಲ್ ಲಿಂಗ್ ಅವರದ್ದು. ಅವರು ಮೊದಲು ಐದು ಸದ್ದು ಆರಿಸಿದ್ದರು, ಆಮೇಲೆ ಆರನೆಯದು ಸೇರಿತು: ಮ್, ಊ, ಆ, ಈ, ಶ್, ಸ್. ಮನೆಯವರು ದಿನಾ ಬೆಳಿಗ್ಗೆ ಬಾಯಿ ಮರೆಮಾಡಿಕೊಂಡು ಇವನ್ನು ಒಂದೊಂದಾಗಿ ಹೇಳಬೇಕು, ಮಿಷನ್ನು ಹಾಕಿಕೊಂಡವರು ಹಾಗೇ ತಿರುಗಿ ಹೇಳಬೇಕು. ನಿನ್ನೆ ಕೇಳಿದ್ದ ಸ್ ಇಂದು ಕೇಳದಿದ್ದರೆ, ಕಿವಿ ಹೋಯಿತೆಂದು ಕೊರಗುವ ಮೊದಲು ಗುಗ್ಗೆ ತಡೆಯುವ ಜಾಲರಿ ಬದಲಿಸಿ, ರಾತ್ರಿಯಿಡೀ ಮಿಷನ್ನನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಕೇಳಿಸಿ ನೋಡಿ. ಆಗಲೂ ಬರದಿದ್ದರೆ ನನ್ನ ಮೇಜಿಗೆ ತನ್ನಿ.