ಬಾಗಿಲು ತಟ್ಟಿದ ಅಪರಿಚಿತರು

ಮನೆಗೆ ನುಗ್ಗುವ ದುಷ್ಟರ ಕಥೆ ಸಿನಿಮಾಕ್ಕೆ ಹಳೆಯದು. 1909ರಲ್ಲೇ ಡಿ. ಡಬ್ಲ್ಯು. ಗ್ರಿಫಿತ್ ‘ದಿ ಲೋನ್ಲಿ ವಿಲ್ಲಾ’ದಲ್ಲಿ ಬಾಗಿಲು ಮುರಿಯುವ ಕಳ್ಳರನ್ನೂ ದೂರದಿಂದ ಧಾವಿಸುವ ಮನೆಯೊಡೆಯನನ್ನೂ ಒಂದಾದ ಮೇಲೊಂದರಂತೆ ತೋರಿಸಿ ನೋಡುಗರನ್ನು ತುದಿಗಾಲಲ್ಲಿ ನಿಲ್ಲಿಸಿದ್ದ. 1971ರ ‘ಸ್ಟ್ರಾ ಡಾಗ್ಸ್’ನಲ್ಲಿ ದಂಪತಿಯನ್ನು ಕಾಡಿದವರು ಊರಿನವರೇ.

2008ರ ‘ದಿ ಸ್ಟ್ರೇಂಜರ್ಸ್’ ಹುಟ್ಟಿಸುವ ದಿಗಿಲು ಬೇರೆಯೇ. ನಿರ್ದೇಶಕ ಬ್ರಯನ್ ಬರ್ಟಿನೊ ಚಿಕ್ಕವನಿದ್ದಾಗ ಅಪರಿಚಿತರು ಮನೆಯ ಬಾಗಿಲು ತಟ್ಟಿ, ಅಲ್ಲಿಲ್ಲದ ಯಾರನ್ನೋ ಕೇಳಿ ಹೋದರು. ನೆರೆಯ ಖಾಲಿ ಮನೆಗಳಲ್ಲಿ ಕಳವಾದದ್ದು ಆಮೇಲೆ ತಿಳಿಯಿತು. ಚಿತ್ರದಲ್ಲೂ ಜೋಡಿಯೊಂದು ತಂಗಿರುವ ಮನೆಗೆ ಅಪರಾತ್ರಿಯಲ್ಲಿ ಹುಡುಗಿಯೊಬ್ಬಳು ಹಾಗೆಯೇ ಬಂದು ಕೇಳುತ್ತಾಳೆ. ಕತ್ತಲ ಜಗಲಿಯಲ್ಲಿ ಅವಳ ಮುಖ ಕಾಣುವುದಿಲ್ಲ. ಆಮೇಲೆ ಮನೆಗೆ ನುಗ್ಗುವ, ಮುಖವಾಡ ತೊಟ್ಟ ಮೂವರಿಗೆ ಆ ಜೋಡಿಯ ಮೇಲೆ ಹಗೆಯಿಲ್ಲ, ಹಣದಾಸೆಯೂ ಇಲ್ಲ. ಅವರಿಬ್ಬರು ಮನೆಯಲ್ಲಿದ್ದರು, ಅಷ್ಟೇ. 2018ರಲ್ಲಿ ಇದರ ಎರಡನೆಯ ಭಾಗ ತೆರೆಕಂಡಿತು.